ದಕ್ಷಿಣ ಒಳನಾಡಿನಲ್ಲಿ ಒಣಹವೆ

"ಯಾವ ಲೌಡಿ ಎತ್ತಿದ್ದು ಈ ಷಟರ್ನ? ಬಾಯಿ ಬುಡ್ರೇ! ಸಿಪ್ಪೆ ಹೆರಿಯಾಕೆ ಬಂದಿದ್ದೀರೋ, ಗಾಳಿ ಕುಡಿಯಾಕೆ ಬಂದಿದ್ದೀರೋ?"

ಸೂಪರ್‌ವೈಸರ್ ನಾಗಭೂಷಣ ಮಾತು ಮುಗಿಸುವ ಮೊದಲೇ ಕಾಲು ಬೀಸಿದ್ದ. ಷಟರಿನ ಅಡಿಗೆ ಒತ್ತು ಕೊಟ್ಟಿದ್ದ ಕಲ್ಲು ಉರುಳಿಕೊಂಡು ಮೋರಿಯ ಅಂಚಿಗೆ ಹೋಗಿ ನಿಂತಿತು. ಸ್ಪ್ರಿಂಗ್ ಕಿತ್ತುಹೋಗಿದ್ದ ಷಟರು ದಡಾರನೆ ನೆಲಕ್ಕೆ ಬಿತ್ತು. ಮೊಳದಷ್ಟು ಬೆಳಕು, ಮೊಳದಷ್ಟು ಗಾಳಿ ಬರುತ್ತಿತ್ತು, ಎರಡೂ ನಿಂತವು. ಒದ್ದ ಕಾಲಿನ ಹೆಬ್ಬೆರಳು ನೊಂದಿರಬೇಕು, ನಾಗಭೂಷಣ ಆ ಕಲ್ಲಿಗೂ ಅದರ ಅಮ್ಮನಿಗೂ ಸೇರಿಸಿ ಬೈದ.

"ನಾನೇ ಕಣಣ್ಣ ಎತ್ತಿದ್ದು," ಅಂದಳು ಭಾಗ್ಯ. ಕೈಯಲ್ಲಿದ್ದ ಹೆರೆಯುವ ಕತ್ತಿಯನ್ನು ಅವಳು ಕೆಳಗಿಡಲಿಲ್ಲ. "ಒಳಗೆ ಉಸ್ರು ಕಟ್ತೈತೆ. ವಸಿ ಹೊತ್ತು..."

"ನೊಣ ಬತ್ತವೆ! ಒಂದು ನೊಣ ಪುಡಿಯೊಳಕ್ಕೆ ಬಿದ್ರೆ ಫಾರಿನ್ ಪಾರ್ಟಿ ಲೋಡೆಲ್ಲ ವಾಪಸ್ ಕಳಿಸ್ತಾನೆ. ನಿಮ್ಮಪ್ಪ ಬಂದು ತುಂಬ್ಕೊಡ್ತಾನಾ?"

ಕಿಬ್ಬನಹಳ್ಳಿ ದಾಟಿ ಸ್ವಲ್ಪ ದೂರಕ್ಕೆ, ಹೈವೇ ಮಗ್ಗುಲಲ್ಲಿರುವ ತೆಂಗಿನ ಪುಡಿ ಫ್ಯಾಕ್ಟರಿ ಅದು. ಚಿಪ್ಪು ಬಿಡಿಸಿದ ಕಾಯಿ ಬುಟ್ಟಿ ಬುಟ್ಟಿಯಾಗಿ ಒಳಗೆ ಬರುತ್ತದೆ. ಹೆಂಗಸರು ಸಾಲಾಗಿ ಕೂತು ಕಂದು ಸಿಪ್ಪೆಯನ್ನು ಹೆರೆದು ಬೆಳ್ಳಗೆ ಮಾಡುತ್ತಾರೆ. ಬೆಳ್ಳಗಾದ ಕಾಯಿ ಕುದಿಯುವ ನೀರಿನ ತೊಟ್ಟಿಯಲ್ಲಿ ಮುಳುಗೆದ್ದು, ಮಿಷನ್ನಿನಲ್ಲಿ ಪುಡಿಯಾಗಿ, ಡ್ರೈಯರಿನ ಬಿಸಿಗಾಳಿಯಲ್ಲಿ ಒಣಗಿ, ಮೂಟೆಯಾಗಿ ಯಾವುದೋ ದೇಶಕ್ಕೆ ಹೋಗುತ್ತದೆ. ಎಲ್ಲವೂ ಒಂದೇ ತಗಡಿನ ಸೂರಿನ ಕೆಳಗೆ. ತೊಟ್ಟಿಯ ಹಬೆಗೂ ಡ್ರೈಯರಿನ ಕಾವಿಗೂ ಹೊರಗೆ ಹೋಗಲು ದಾರಿಯಿಲ್ಲ. ಅವೆರಡೂ ಹೆಂಗಸರ ಮೈಮೇಲೆಯೇ ಸಂಸಾರ ಹೂಡಿದ್ದವು. ತಲೆಗೆ ಪ್ಲಾಸ್ಟಿಕ್ ಟೋಪಿ, ಬಾಯಿಗೆ ಬಟ್ಟೆ, ಕಾಲಿಗೆ ರಬ್ಬರ್ ಬೂಟು. ಸಂಜೆ ಬೂಟು ಬಿಚ್ಚಿ ಬಗ್ಗಿಸಿದರೆ ಬೆವರು ಸುರಿಯುತ್ತಿತ್ತು.

ಹುಳಿಯಾರಿನ ಕಡೆಯ ಹಟ್ಟಿಯಿಂದ ಟೆಂಪೋದಲ್ಲಿ ಬರುವ ಈ ಹೆಂಗಸರಿಗೆ ಬಿಸಿಲೇನೂ ಹೊಸದಲ್ಲ. ನಡು ಬೇಸಿಗೆಯಲ್ಲಿ ಕುರಿಯ ಹಿಂದೆ ಬಯಲು ಸುತ್ತಿ ಬೆಳೆದವರು. ಆದರೆ ಅಲ್ಲಿ ಬೆವರು ಬಂದರೆ ಗಾಳಿ ಒರೆಸಿಕೊಂಡು ಹೋಗುತ್ತಿತ್ತು, ಒಂದು ಹೊಂಗೆಮರ ಸಿಕ್ಕರೆ ಮೈ ತಣ್ಣಗಾಗುತ್ತಿತ್ತು. ಇಲ್ಲಿ ಬೆವರು ಹುಟ್ಟಿದ ಕಡೆಯೇ ಉಳಿದುಬಿಡುತ್ತಿತ್ತು.

"ಅಣ್ಣಾ, ಈ ಸಲ ಸೆಕೆ ಜಾಸ್ತಿ, ಮಧ್ಯಾಹ್ನ ಕೆಲ್ಸ ಮಾಡಿಸ್ಬ್ಯಾಡಿ ಅಂತ ಟೀವಿಯಾಗೆ ಹೇಳ್ತಾವ್ರೆ," ಅಂದಳು ಭಾಗ್ಯ.

"ಹೌದಾ? ಯಾರಿಗೆ ಹೇಳವ್ರೆ ಅಂತ ಕೇಳಿಸ್ತೀನಿ ತಾಳು." ನಾಗಭೂಷಣ ಜೇಬಿನಿಂದ ಫೋನು ತೆಗೆದು, ಹುಡುಕಿ, ದನಿ ಜೋರು ಮಾಡಿ ಎತ್ತಿ ಹಿಡಿದ. ಸುದ್ದಿ ಓದುವ ಹುಡುಗಿ ನುಣ್ಣಗೆ ಓದಿದಳು: "ಕರಾವಳಿ ಜಿಲ್ಲೆಗಳಲ್ಲಿ ಮುಂದಿನ ಕೆಲವು ದಿನ ಬಿಸಿ ಹಾಗೂ ತೇವಾಂಶದಿಂದ ಕೂಡಿದ ವಾತಾವರಣವಿರಲಿದ್ದು, ಯೆಲ್ಲೋ ಅಲರ್ಟ್ ನೀಡಲಾಗಿದೆ. ಮಕ್ಕಳು, ವೃದ್ಧರು, ಕಾರ್ಮಿಕರು ಎಚ್ಚರಿಕೆಯಿಂದಿರಬೇಕು. ದಕ್ಷಿಣ ಒಳನಾಡಿನಲ್ಲಿ ಒಣಹವೆ ಮುಂದುವರಿಯಲಿದೆ."

"ಕೇಳಿಸ್ತಾ? ಒಣಹವೆ! ಸೆಕೆ ಇರೋದು ಮಂಗ್ಳೂರೋರಿಗೆ. ನಿಮ್ಗಲ್ಲ."

ಸಾಲಿನ ಕೊನೆಯಿಂದ ಜುಂಜಮ್ಮ ಬಾಯಿಬಟ್ಟೆ ಇಳಿಸಿದಳು. ಭಾಗ್ಯಳ ಗಂಡನ ಅಣ್ಣನ ಹೆಂಡತಿ ಅವಳು. ವಯಸ್ಸಿನಲ್ಲಿ ದೊಡ್ಡವಳು, ಬಾಯಿ ಮಾತ್ರ ಹುಡುಗಿಯದು. "ಹಂಗಾದ್ರೆ ನಾವಿರೋದು ಮಂಗ್ಳೂರಾಗೆ ಕಣಪ್ಪೋ," ಅಂದಳು. "ಧರ್ಮಸ್ಥಳುಕ್ಕೆ ಹೋದಾಗ ನೋಡಿವ್ನಿ. ಸುಮ್ಕೆ ನಿಂತ್ರೂ ಮೈಯೆಲ್ಲ ಅಂಟಂಟು, ಬಟ್ಟೆ ತೊಪ್ಪೆ. ಥೇಟು ಇದೇ. ಸಮುದ್ರ ಒಂದು ಕಟ್ಟಿಸ್ಬುಡ್ಲಿ ಸಾವ್ಕಾರ್ರು."

ಹೆಂಗಸರೆಲ್ಲ ಗೊಳ್ಳೆಂದರು. ನಗು ನಿಂತ ಮೇಲೆ ಉಸಿರು ಎಳೆದುಕೊಳ್ಳುವುದಕ್ಕೇ ಎಲ್ಲರಿಗೂ ಸಾಕುಸಾಕಾಯಿತು. ನಾಗಭೂಷಣ ಹೋಗುವಾಗ ಷಟರಿನ ಮೇಲೊಂದು ಗುದ್ದು ಹಾಕಿ ಹೋದ.

ಚಿಕ್ಕನಾಯಕನಹಳ್ಳಿ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಒಂದು ಪೋಸ್ಟರು ಅಂಟಿಸಿದ್ದರು: ಬಿಸಿಲಿನ ತಾಪದಿಂದ ಕಾರ್ಮಿಕರಿಗೆ ತೊಂದರೆಯಾದರೆ ಈ ನಂಬರಿಗೆ ಫೋನ್ ಮಾಡಿ ಅಂತ. ಜುಂಜಮ್ಮನ ಮಗಳು ಗಾನವಿ ಸೆಕೆಂಡ್ ಪಿಯುಸಿ ಪರೀಕ್ಷೆ ಬರೆದು ಮನೆಯಲ್ಲಿದ್ದಳು. ಭಾಗ್ಯ ಅವಳ ಕೈಲಿ ಜುಂಜಮ್ಮನ ಫೋನಿನಿಂದ ಆ ನಂಬರು ಒತ್ತಿಸಿದಳು. ಆಚೆ ಕಡೆಯವರು ಮರ್ಯಾದೆಯಾಗಿಯೇ ಮಾತಾಡಿದರು. ಹೆಸರು ಕೇಳಿದರು, ಊರು ಕೇಳಿದರು, ನಂಬರು ಬರೆದುಕೊಂಡರು. ಭಾಗ್ಯಳಿಗೆ ಆ ದಿನವೆಲ್ಲ ಹಬ್ಬದ ಖುಷಿ.

ಲೇಬರ್ ಆಫೀಸರು ಬಂದರು. ನೇರ ಸಾಹುಕಾರ ಕಾಡಸಿದ್ದಪ್ಪನ ಎ.ಸಿ. ರೂಮಿಗೆ ಹೋದರು. ಭಾಗ್ಯಳನ್ನು ಕರೆಸಿದರು, ಎಳನೀರು ತಂದುಕೊಡುವುದಕ್ಕೆ. ಕುಡಿದು ಬಾಯಿ ಒರೆಸಿಕೊಂಡ ಮೇಲೆ ಶೆಡ್ಡಿನ ಬಾಗಿಲವರೆಗೂ ಬಂದು, ಮೂಗಿಗೆ ಕರ್ಚೀಫು ಹಿಡಿದು, ಒಂದು ಹೆಜ್ಜೆ ಒಳಗಿಟ್ಟರು. ಅವರ ಕನ್ನಡಕದ ಮೇಲೆ ಪೂರ್ತಿ ಆವಿ ಕೂತಿತು. ಏನೂ ಕಾಣದೆ ಅಲ್ಲೇ ನಿಂತರು.

"ನೋಡಮ್ಮ," ಅಂದರು ಬೆಳ್ಳಗಾದ ಕನ್ನಡಕದ ಹಿಂದಿನಿಂದ, "ಮಧ್ಯಾಹ್ನದ ಬಿಡುವು ಬಿಸಿಲಲ್ಲಿ ದುಡಿಯೋರಿಗೆ. ನೀವು ನೆರಳಲ್ಲಿದ್ದೀರಿ. ಅದೂ ಅಲ್ದೆ ನಮ್ಮ ಜಿಲ್ಲೆಗೆ ಅಲರ್ಟೇ ಇಲ್ಲ. ಬಿಸಿ ಜೊತೆಗೆ ತೇವ ಸೇರಿದ್ರೆ ಡೇಂಜರ್, ಅದು ಕರಾವಳೀಲಿ. ನಮ್ದು ಒಣಹವೆ."

"ಸಾ, ವಸಿ ಕನ್ನಡ್ಕ ಒರೆಸ್ಕಂಡು ನೋಡಿ ಸಾ. ತೇವ ಐತೋ ಇಲ್ವೋ ಅಂತ," ಅಂದಳು ಭಾಗ್ಯ.

ಆಫೀಸರ ಮುಖ ಕೆಂಪಗಾಯಿತು. ಕಾಡಸಿದ್ದಪ್ಪ ಮಧ್ಯೆ ಬಂದು ನಕ್ಕ. "ಬಾಯಿ ನೋಡಿ ಸಾರ್ ಇವರದು! ಕುರಿ ಕೊಟ್ಟಿಗೇಲಿ ಹುಟ್ಟಿ, ಬಿಸಿಲಲ್ಲಿ ಬಿದ್ದು ಬೆಳೆದ ಮುಂಡೇವು. ಇವಕ್ಕೆ ಸೆಕೆ ಅಂದ್ರೆ ಏನು ಅಂತ ಗೊತ್ತಾ? ಟೀವಿ ನೋಡಿ ಕಲ್ತಿದ್ದು. ಬನ್ನಿ ಸಾರ್, ಊಟಕ್ಕೆ ಹೇಳಿದ್ದೀನಿ."

ಜೀಪು ಹೋದ ಮೇಲೆ ಅವನು ನಗಲಿಲ್ಲ. ಫೋನ್ ಯಾರ ನಂಬರಿನಿಂದ ಬಂದಿತ್ತು ಅನ್ನುವುದನ್ನು ಊಟದ ಜೊತೆಯಲ್ಲೇ ತಿಳಿದುಕೊಂಡಿದ್ದ. ಮಾರನೆಯ ದಿನ ಜುಂಜಮ್ಮನನ್ನು ಸಿಪ್ಪೆ ಹೆರೆಯುವ ಸಾಲಿನಿಂದ ಎಬ್ಬಿಸಿ ಕುದಿನೀರಿನ ತೊಟ್ಟಿಯ ಕೆಲಸಕ್ಕೆ ಹಾಕಿದರು. ಒಂದು ಮಗ್ಗುಲಿಗೆ ತೊಟ್ಟಿಯ ಹಬೆ, ಇನ್ನೊಂದು ಮಗ್ಗುಲಿಗೆ ಡ್ರೈಯರು. ಗಂಡಸರೂ ಅಲ್ಲಿ ನಿಲ್ಲಲು ತಕರಾರು ಮಾಡುತ್ತಿದ್ದರು.

"ನನ್ನಿಂದ ಆಗಿದ್ದು ಕಣಕ್ಕ. ನಾನೇ ಹೋಗಿ ಕಾಲಿಗೆ ಬಿದ್ದು ಕೇಳ್ತೀನಿ," ಅಂದಳು ಭಾಗ್ಯ.

"ಬುಡೇ. ಅವ್ನ ಕಾಲಿಗೆ ಯಾಕೆ ಬೀಳ್ತೀಯ? ಎಲ್ಲಿ ನಿಂತ್ರೂ ಅದೇ ಕೂಲಿ, ಅದೇ ಸೆಕೆ," ಅಂದಳು ಜುಂಜಮ್ಮ. "ಮಗ್ಳು ಕಾಲೇಜು ಮುಗಿಸ್ಲಿ. ಆಮ್ಯಾಕೆ ಈ ಸಾವ್ಕಾರ್ನ ಮುಖುಕ್ಕೆ ಉಗಿದೇ ಹೋಗ್ತೀನಿ."

ಲೋಡು ಬೇಗ ಹೋಗಬೇಕೆಂದು ಎರಡನೇ ಬಾಯ್ಲರೂ ಹಚ್ಚಿದ ದಿನ ಅದು. ಊಟ ಮಾಡಿ ಬಂದ ಹೆಂಗಸರಿಗೆ ಗಾಳಿಯನ್ನು ಕೈಯಲ್ಲಿ ಹಿಂಡಬಹುದು ಅನ್ನಿಸುತ್ತಿತ್ತು. ಭಾಗ್ಯಳ ಕತ್ತಿ ಕೈಯಿಂದ ಜಾರುತ್ತಿತ್ತು. ತೊಟ್ಟಿಯ ಕಡೆಯಿಂದ ಒಂದು ಕೂಗು ಕೇಳಿಸಿತು. ಕುರಿ ಕರೆಯುವ ಕೂಗು.

ಜುಂಜಮ್ಮ ತೊಟ್ಟಿ ಬಿಟ್ಟು ನಡೆದು ಬರುತ್ತಿದ್ದಳು. ಟೋಪಿ ಬಿದ್ದು ಕೂದಲು ಬಿಚ್ಚಿಕೊಂಡಿತ್ತು, ಕಣ್ಣು ಕೆಂಡದಂತಾಗಿದ್ದವು. ಯಾವಾಗಲೋ ಮಾರಿದ ಕುರಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಿದ್ದಳು. ಷಟರಿನ ಹತ್ತಿರ ಬಂದು ಮಂಡಿಯೂರಿ ಕೂತಳು. ಮೈ ಗಡಗಡ ನಡುಗತೊಡಗಿತು. ನಾಲಿಗೆ ಹೊರಗೆ ಬಂತು.

"ಅಮ್ಮ ಬಂದವ್ಳೆ!" ಲಕ್ಷ್ಮಿದೇವಮ್ಮ ಕಿರುಚಿದಳು. ಸಾಲಿನಲ್ಲೆಲ್ಲ ಹಿರಿಯ ಹೆಂಗಸು ಅವಳು. "ಕರಿಯಮ್ಮ ಬಂದವ್ಳೆ ಕಣ್ರೇ! ಬೂಟು ಬಿಚ್ರೇ ಎಲ್ರೂ!"

ಹಟ್ಟಿಯಲ್ಲಿ ಮೈಮೇಲೆ ದೇವರು ಬರುವುದನ್ನು ಕಾಣದೆ ಬೆಳೆದವರು ಅಲ್ಲಿ ಯಾರೂ ಇರಲಿಲ್ಲ. ಕೆಂಪು ಕಣ್ಣು, ಬಿಚ್ಚಿದ ಕೂದಲು, ನಡುಕ, ತೊದಲು ಮಾತು, ಎಲ್ಲ ಹಾಗೆಯೇ ಇತ್ತು. ಕತ್ತಿಗಳು ನೆಲಕ್ಕೆ ಬಿದ್ದವು, ಕೈಗಳು ಕೂಡಿದವು. ಬಾಯಿ ತುಂಬ ಬೈಯುವ ನಾಗಭೂಷಣ ಬಾಯಿ ಮುಚ್ಚಿಕೊಂಡು ಅಡ್ಡಬಿದ್ದ. ಭಾಗ್ಯಳೂ ಕೈಮುಗಿದಳು.

ಸಾಹುಕಾರನಿಗೆ ಸುದ್ದಿ ಹೋಯಿತು. ರೂಮಿನಲ್ಲಿದ್ದ ದೇವರ ಪಟದ ಮುಂದಿನ ತಟ್ಟೆಯನ್ನೇ ಎತ್ತಿಕೊಂಡು ಓಡಿಬಂದ. ಜುಂಜಮ್ಮನ ಹಣೆಗೆ ಕುಂಕುಮ ಮೆತ್ತಿದರು, ಕರ್ಪೂರ ಹಚ್ಚಿದರು, ಬಾಯ್ಲರಿನ ಕೆಂಡ ತಂದು ಸಾಂಬ್ರಾಣಿ ಹಾಕಿದರು. ಹೊಗೆಯೂ ಆ ಹಬೆಯ ಜೊತೆ ಸೇರಿಕೊಂಡಿತು. ಮಧ್ಯೆ ಕೂತ ಜುಂಜಮ್ಮ ಎರಡೂ ಕೈಯಲ್ಲಿ ಷಟರನ್ನು ಬಡಿಯುತ್ತಿದ್ದಳು. "ಬಾಗ್ಲು... ಬಾಗ್ಲು ತಗೀರೋ..."

"ಬಾಗ್ಲು ಬೇಕಾ ತಾಯಿ? ಗುಡಿ ಬೇಕಾ?" ಕಾಡಸಿದ್ದಪ್ಪ ಗದ್ಗದಿತನಾದ. "ಕಟ್ಟಿಸ್ತೀನಿ ತಾಯಿ. ಇಲ್ಲೇ ಕಟ್ಟಿಸ್ತೀನಿ. ವ್ಯಾಪಾರ ಕಾಪಾಡು."

ಜುಂಜಮ್ಮ ತೆವಳಿದಳು. ಮೋರಿಯ ಅಂಚಿಗೆ ಹೋಗಿ, ನಾಗಭೂಷಣ ಒದ್ದು ಉರುಳಿಸಿದ್ದ ಆ ಕಲ್ಲನ್ನು ತಬ್ಬಿ ಹಿಡಿದಳು. ಬೇಲಿಗೆ ನೆಡುವ ಕಲ್ಲುಕಂಬದ ಮುರಿದ ತುಂಡು ಅದು. ಷಟರಿನ ಕಡೆಗೆ ಎಳೆಯಲು ನೋಡಿದಳು. ಕೈಯಲ್ಲಿ ಶಕ್ತಿಯಿರಲಿಲ್ಲ.

"ಕಲ್ಲು ತೋರಿಸ್ತಾವ್ಳೆ! ಇಲ್ಲೇ ನೆಲೆ ನಿಲ್ತೀನಿ ಅಂತಾವ್ಳೆ!" ಅಂದ ಸಾಹುಕಾರ. ಹೆಂಗಸರು ಉಧೋ ಎಂದರು.

ಪಾದ ಮುಟ್ಟಲು ಬಗ್ಗಿದ ಭಾಗ್ಯ ಕೈ ಹಿಂದಕ್ಕೆ ಎಳೆದುಕೊಂಡಳು. ರೊಟ್ಟಿ ಹೆಂಚು ಮುಟ್ಟಿದ ಹಾಗಾಯಿತು. ಮತ್ತೆ ಮುಟ್ಟಿದಳು. ಕಾಲು, ಕೈ, ಕತ್ತು. ಆ ಶೆಡ್ಡಿನಲ್ಲಿ ಬೆವರದ ಮೈ ಅಂತ ಇದ್ದರೆ ಅದು ಜುಂಜಮ್ಮನದೊಂದೇ. ಬೂದಿಯ ಹಾಗೆ ಒಣಗಿತ್ತು. ಭಾಗ್ಯ ಎದ್ದು ನಿಂತು ಕೂಗಿದಳು.

"ಇದು ದೇವ್ರಲ್ಲ! ಅಕ್ಕುಂಗೆ ಏನೋ ಆಗೈತೆ! ನೀರು ತಕ್ಕಬನ್ರೇ, ಆ ಹೊಗೆ ತಗೀರೋ..."

ಲಕ್ಷ್ಮಿದೇವಮ್ಮನ ಕೈ ಅವಳ ಬಾಯಿಗೆ ಬಿತ್ತು. "ಮುಚ್ಚೇ! ಅಮ್ಮ ಮುನಿಸ್ಕಂಡ್ರೆ ಹಟ್ಟಿ ಉಳಿಯಾಕಿಲ್ಲ!" ಇಬ್ಬರು ಹೆಂಗಸರು ಭಾಗ್ಯಳನ್ನು ರಟ್ಟೆ ಹಿಡಿದು ಹಿಂದಕ್ಕೆಳೆದರು. ಅವಳು ಒದರುತ್ತಲೇ ಇದ್ದಳು. ಮಂಗಳಾರತಿಯ ಗಂಟೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಜುಂಜಮ್ಮ ಕಲ್ಲಿನ ಮೇಲೆ ಕೆನ್ನೆಯಿಟ್ಟು ಮಲಗಿದಳು. ಅಮ್ಮ ಶಾಂತಳಾದಳು ಅಂದರು.

ತಿಪಟೂರಿನ ಆಸ್ಪತ್ರೆಗೆ ತಲುಪುವ ಹೊತ್ತಿಗೆ ಮುಗಿದಿತ್ತು. ಡಾಕ್ಟರು ಮೈ ಮುಟ್ಟಿ ನೋಡಿ, "ಸತ್ತ ಮೇಲೂ ಹೀಗೆ ಸುಡ್ತಿದೆ. ಇದು ಶಾಖದ ಹೊಡೆತ. ನೀರಾದರೂ ಸುರೀಬೇಕಿತ್ತಲ್ಲ, ಇಷ್ಟು ಹೊತ್ತು ಏನು ಮಾಡ್ತಿದ್ರಿ?" ಅಂದರು. ಭಾಗ್ಯ ಜುಂಜಮ್ಮನ ಹಣೆಗೆ ಮೆತ್ತಿದ್ದ ಕುಂಕುಮವನ್ನು ಸೆರಗಿನ ತುದಿಯಿಂದ ಒರೆಸಿದಳು.

ಪೋಸ್ಟ್‌ಮಾರ್ಟಂ ಮಾಡಬೇಕು, ಪೊಲೀಸರಿಗೆ ಹೇಳಬೇಕು ಅಂದರು ಡಾಕ್ಟರು. ಕಾಡಸಿದ್ದಪ್ಪ ಜುಂಜಮ್ಮನ ಗಂಡ ಚಿತ್ತಣ್ಣನ ಹೆಗಲ ಮೇಲೆ ಕೈ ಹಾಕಿಕೊಂಡು ಬೇವಿನ ಮರದ ಕೆಳಗೆ ಕರೆದುಕೊಂಡು ಹೋದ. ಅದುವರೆಗೂ ಚಿತ್ತಣ್ಣನನ್ನು ಅವನು ಗೇಟಿನ ಒಳಗೂ ಬಿಟ್ಟವನಲ್ಲ.

"ನೋಡು ಚಿತ್ತಣ್ಣ, ನಿನ್ನ ಹೆಂಡ್ತಿ ಸಾಮಾನ್ಯ ಹೆಂಗ್ಸಲ್ಲ. ಎಲ್ಲರ ಕಣ್ಣೆದುರಿಗೆ ಅಮ್ಮ ಬಂದು ಕರ್ಕೊಂಡು ಹೋದ್ಲು. ದೇವರು ಬಂದ ಮೈನ ಕುಯ್ಯೋಕೆ ಕೊಡ್ತೀಯಾ? ನಿನಗೆ ಮನಸ್ಸು ಬರುತ್ತಾ?"

"ಶಾಕದ ಹೊಡ್ತ ಅಂತ ಡಾಕ್ಟ್ರು ಹೇಳಿದ್ರು ಭಾವ," ಅಂದಳು ಹಿಂದೆಯೇ ಬಂದಿದ್ದ ಭಾಗ್ಯ. "ಕೊಟ್ಬುಡಿ. ನಿಜ ಏನು ಅಂತ ಗೊತ್ತಾಗ್ಲಿ."

"ನೆರಳಲ್ಲಿದ್ದೋಳಿಗೆ ಎಲ್ಲಿಂದ ಬಂತಮ್ಮ ಶಾಖದ ಹೊಡೆತ?" ಸಾಹುಕಾರ ಅವಳ ಕಡೆ ತಿರುಗಲೂ ಇಲ್ಲ. "ಸರ್ಕಾರವೇ ಹೇಳಿದೆ, ನಮ್ಮ ಕಡೆ ಒಣಹವೆ."

ಚಿತ್ತಣ್ಣ ಅಳುತ್ತಿದ್ದ. ಹೆಂಡತಿ ಸತ್ತದ್ದಕ್ಕೂ ಹೌದು, ಸಾಹುಕಾರನ ಕೈ ಹೆಗಲ ಮೇಲಿದ್ದದ್ದಕ್ಕೂ ಹೌದು. ಬದುಕಿದ್ದಾಗ ಜುಂಜಮ್ಮನನ್ನು ಬೋಳಿ, ಲೌಡಿ ಎಂದೇ ಕರೆದವರು ಈಗ ಅಮ್ಮ ಅನ್ನುತ್ತಿದ್ದರು. ಬಡವನಿಗೆ ಅದೂ ಒಂದು ಸಮಾಧಾನವೇ. "ಬ್ಯಾಡ ಬುಡು ಭಾಗ್ಯ," ಅಂದ. "ಅವ್ಳು ದೇವ್ರಾಗಿ ಹೋದ್ಲು ಅಂತ್ಲೇ ಇರ್ಲಿ."

ಹಟ್ಟಿಯಲ್ಲಿ ಮಣ್ಣು ಮಾಡುವಾಗ ಸಾಹುಕಾರ ರೇಷ್ಮೆ ಸೀರೆ ಹೊದಿಸಿದ. ಕರಿಯಮ್ಮನ ಪೂಜಾರಿ ಸಣ್ಣತಿಮ್ಮಯ್ಯ, ಬಂದದ್ದು ಅಮ್ಮನೇ, ಅನುಮಾನವಿಲ್ಲ ಅಂದ. ಗುಂಡಿಯ ಬಳಿ ನಿಂತಿದ್ದ ಗಾನವಿ ಭಾಗ್ಯಳ ಸೆರಗು ಜಗ್ಗಿ, "ಚಿಕ್ಕಮ್ಮ, ದೇವ್ರು ಬಂದ್ರೆ ಸಾಯ್ತಾರಾ?" ಅಂದಳು. ಭಾಗ್ಯ ಅವಳನ್ನು ಎದೆಗೆ ಒತ್ತಿಕೊಂಡಳು.

ಸಾಹುಕಾರನ ಕರುಣೆ ಅಲ್ಲಿಗೆ ನಿಲ್ಲಲಿಲ್ಲ. ತಾಯಿಯ ಕೆಲಸವನ್ನು ಮಗಳಿಗೆ ಕೊಟ್ಟ. ತಿಥಿ ಮುಗಿದ ಮೇಲೆ ಗಾನವಿ ಟೆಂಪೋ ಹತ್ತಿದಳು. ಬೇಡವೆಂದು ಭಾಗ್ಯ ಜಗಳವಾಡಿದಳು. ಒಳ್ಳೆಯ ಮನಸ್ಸಿನಿಂದ ಕೊಟ್ಟಿದ್ದನ್ನು ಬೇಡ ಅನ್ನಬಾರದು ಎಂದ ಚಿತ್ತಣ್ಣ. ಹುಡುಗಿಯನ್ನು ನಿಲ್ಲಿಸಿದ್ದು ಅದೇ ಕುದಿನೀರಿನ ತೊಟ್ಟಿಯ ಹತ್ತಿರ. ತಾಯಿಯ ಬೂಟುಗಳೇ ಅವಳ ಕಾಲಿಗೆ ಸಿಕ್ಕವು, ಒಂದು ಅಳತೆ ದೊಡ್ಡವು.

ಶೆಡ್ಡಿನೊಳಗೆ ಗುಡಿಗೆ ಜಾಗ ನೋಡಿದ್ದು ಷಟರಿನ ಮುಂದೆಯೇ. ಅಮ್ಮನ ಬೆನ್ನಿಗೆ ತೆರೆದ ಬಾಗಿಲು ಇರಬಾರದು, ಷಟರಿಗೆ ವೆಲ್ಡಿಂಗ್ ಹೊಡೆಸಿಬಿಡಿ ಅಂದ ಸಣ್ಣತಿಮ್ಮಯ್ಯ. ಸಾಹುಕಾರನಿಗೆ ಆ ಮಾತು ಬಹಳ ಹಿಡಿಸಿತು. ಗಾಳಿ ಕೇಳುವವರ ಬಾಯಿ ಮುಚ್ಚಿಸಲು ಇನ್ನು ಸೂಪರ್‌ವೈಸರ್ ಬೇಕಾಗಿಲ್ಲ, ದೇವರೇ ಅಡ್ಡ ಕೂರುತ್ತಾಳೆ.

ಪೂಜೆಯ ದಿನವೂ ಬಾಯ್ಲರು ಆರಿಸಲಿಲ್ಲ. ಪೂಜೆ ಮುಗಿದೊಡನೆ ಕೆಲಸ ಮತ್ತೆ ಶುರುವಾಗಬೇಕಿತ್ತು. ಜುಂಜಮ್ಮ ತಬ್ಬಿ ಸತ್ತ ಕಲ್ಲಿಗೆ ಅರಿಸಿನ ಬಳಿದು, ಬೆಳ್ಳಿಯ ಕಣ್ಣು ಅಂಟಿಸಿ, ಬಾಳೆ ಎಲೆಯ ಮೇಲೆ ನಿಲ್ಲಿಸಿದ್ದರು. ಮಂಗಳಾರತಿ ಆದ ಮೇಲೆ ಗಾರೆಯವನು ಸಿಮೆಂಟು ಹಾಕಿ ಕೂರಿಸುವುದು, ಅವನ ಹಿಂದೆಯೇ ವೆಲ್ಡಿಂಗಿನವನು ಬರುವುದು. ಹೆಂಗಸರೆಲ್ಲ ಟೋಪಿ, ಬಾಯಿಬಟ್ಟೆ ಸಮೇತ ಸುತ್ತ ನಿಂತಿದ್ದರು. ತೀರಿಕೊಂಡವಳ ಮಗಳೆಂದು ಗಾನವಿಯನ್ನು ಮುಂದೆ ನಿಲ್ಲಿಸಿದ್ದರು. ಬೆಳಗಿನಿಂದ ತೊಟ್ಟಿಯ ಹತ್ತಿರವಿದ್ದ ಹುಡುಗಿ ನಿಂತಲ್ಲೇ ತೂಗುತ್ತಿದ್ದಳು.

ಕಾಡಸಿದ್ದಪ್ಪ ಹೊಸ ಪಂಚೆಯಲ್ಲಿ ಹೊಳೆಯುತ್ತಿದ್ದ. ಸಣ್ಣತಿಮ್ಮಯ್ಯ ಕರ್ಪೂರ ಹಚ್ಚಿದ. ಗಂಟೆ ಶುರುವಾಯಿತು, ಸಾಂಬ್ರಾಣಿ ಹೊಗೆ ಎದ್ದಿತು. ಗಾನವಿಯ ತಲೆ ಒಂದು ಕಡೆಗೆ ವಾಲಿತು. ಕಣ್ಣುಗುಡ್ಡೆ ಮೇಲಕ್ಕೆ ಹೋದವು. ಕೈಗಳು ನಡುಗಿದವು.

"ಅಮ್ಮ! ಮಗಳ ಮೈಮ್ಯಾಲೂ ಬಂದ್ಲು ಕಣ್ರೋ!" ಅಂದ ನಾಗಭೂಷಣ.

"ಬಾ ತಾಯಿ, ಬಾ," ಎಂದು ಕಾಡಸಿದ್ದಪ್ಪ ಆರತಿ ತಟ್ಟೆ ಎತ್ತಿಕೊಂಡು ಹುಡುಗಿಯ ಮುಖದ ಹತ್ತಿರಕ್ಕೆ ಬಂದ.

ತಟ್ಟೆ ಹಾರಿ ಮೋರಿಗೆ ಬಿತ್ತು. ಯಾರು ಹೊಡೆದರು ಅಂತ ತಿರುಗಿ ನೋಡುವುದರೊಳಗೆ ಭಾಗ್ಯ, ಕಾಯಿ ತೊಳೆಯಲು ತುಂಬಿಟ್ಟಿದ್ದ ನೀರನ್ನು ಬಕೀಟಿನಲ್ಲಿ ಮೊಗೆದು ಗಾನವಿಯ ನೆತ್ತಿಯ ಮೇಲೆ ಸುರಿದಳು. ಇನ್ನೊಂದು ಬಕೀಟು ಸುರಿದಳು. ಹುಡುಗಿ ಉಸಿರು ಎಳೆದುಕೊಂಡು, ಕುಸಿದು ಕೂತು, "ಚಿಕ್ಕಮ್ಮ" ಅಂದಳು.

"ಭಾಗ್ಯನ ಮ್ಯಾಲೆ ಬಂದವ್ಳೆ! ಉಗ್ರವಾಗಿ ಬಂದವ್ಳೆ!" ಅಂತ ಸಣ್ಣತಿಮ್ಮಯ್ಯ ಕೈಮುಗಿದ. ನಾಲ್ಕಾರು ಹೆಂಗಸರು ಅಡ್ಡಬೀಳಲು ಬಗ್ಗಿದರು. ಸಾಹುಕಾರನೂ ಒಂದು ಗಳಿಗೆ ಕೈ ಜೋಡಿಸಿದ.

"ಏಳ್ರೇ ಮ್ಯಾಕೆ! ನನ್ ಮೈಮ್ಯಾಲೆ ಯಾರೂ ಬಂದಿಲ್ಲ. ನಾನು ಭಾಗ್ಯ. ಸಿಪ್ಪೆ ಹೆರಿಯೋ ಭಾಗ್ಯ." ಅವಳು ಬಾಯಿಬಟ್ಟೆ ಕಿತ್ತೆಸೆದಳು. "ಅವತ್ತು ಅಕ್ಕನ ಮೈಮ್ಯಾಲೂ ಯಾರೂ ಬಂದಿರ್ಲಿಲ್ಲ. ಸೆಕೆ ಬಂದಿತ್ತು. ಬಾಗ್ಲು ತಗೀರೋ ಅಂದ್ಲು. ಈ ನನ್ಮಗ ಗುಡಿ ಕಟ್ಟಿಸ್ತೀನಿ ಅಂದ. ನಾವೆಲ್ಲ ನಿಂತ್ಕಂಡು ಕರ್ಪೂರ ಹಚ್ಚಿ ಸಾಯಿಸಿದ್ವಿ ಕಣ್ರೇ ಅವ್ಳನ್ನ. ಈಗ ಈ ಮಗೀನೂ ಸಾಯಿಸ್ತೀರಾ?"

"ಏಯ್! ಯಾರ ಹತ್ರ ಮಾತಾಡ್ತಿದ್ದೀಯ, ಮೈಮೇಲೆ ಜ್ಞಾನ ಇದೆಯಾ?" ಕಾಡಸಿದ್ದಪ್ಪನಿಗೆ ಬಾಯಿ ಬಂತು. "ನಾಗಭೂಷಣ, ಎಳೆದು ಹಾಕೋ ಇವಳ್ನ ಆಚೆಗೆ!"

"ಆಚೆಗೇ ಕಣ್ಲಾ ನಾನೂ ಕೇಳ್ತಿರೋದು!" ಅಂದಳು ಭಾಗ್ಯ.

ಬಾಳೆ ಎಲೆಯ ಮೇಲಿದ್ದ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡಳು. ಅರಿಸಿನ ಅವಳ ಕುಪ್ಪಸಕ್ಕೆಲ್ಲ ಹತ್ತಿತು. ಇನ್ನೊಂದು ಕೈಯನ್ನು ಷಟರಿನ ಅಡಿಗೆ ತೂರಿಸಿ ಎಳೆದಳು. ಸ್ಪ್ರಿಂಗ್ ಇಲ್ಲದ ಷಟರು ಒಂದು ಕೈಗೆ ಏಳುವುದಲ್ಲ. ಗೇಣಷ್ಟು ಎದ್ದು, ಜಾರಿತು. ಮತ್ತೆ ಎಳೆದಳು. ಅವಳ ಪಕ್ಕದಲ್ಲಿ ಇನ್ನೆರಡು ಕೈ ಬಂದವು, ಮುದಿಕೈ. ಲಕ್ಷ್ಮಿದೇವಮ್ಮ ಬಗ್ಗಿ ಹೆಗಲು ಕೊಟ್ಟಿದ್ದಳು. ಅವಳು ಭಾಗ್ಯಳ ಮುಖ ನೋಡಲಿಲ್ಲ, ಅಳುತ್ತಿದ್ದಳು. "ಎತ್ತೇ," ಅಂದಳು. ಆಮೇಲೆ ಎಷ್ಟು ಕೈ ಸೇರಿದವೋ, ಷಟರು ಕಿರುಗುಟ್ಟುತ್ತ ಮಂಡಿಯ ಮಟ್ಟಕ್ಕೆ ಎದ್ದು ನಿಂತಿತು.

ಭಾಗ್ಯ ಕಲ್ಲನ್ನು ಅದರ ಅಡಿಗೆ ನೆಟ್ಟಗೆ ಒತ್ತು ಕೊಟ್ಟಳು. ಹೆಂಗಸರು ಕೈ ಬಿಟ್ಟರು. ಷಟರಿನ ಭಾರವೆಲ್ಲ ಕಲ್ಲಿನ ಮೇಲೆ ಕೂತಿತು. ಕಲ್ಲು ಅಲುಗಲಿಲ್ಲ. ಬೆಳ್ಳಿಯ ಕಣ್ಣುಗಳು ಶೆಡ್ಡಿನ ಒಳಗಡೆಗೆ ನೋಡುತ್ತಿದ್ದವು.

ಹೊರಗಿನ ಗಾಳಿ ಒಳಗೆ ಬಂತು. ಅದೂ ಬಿಸಿಯೇ, ಏಪ್ರಿಲ್ಲಿನ ಮಟಮಟ ಮಧ್ಯಾಹ್ನದ ಗಾಳಿ, ಧೂಳು ಬೇರೆ. ಆದರೆ ಒಣಗಾಳಿ. ನೆಲಕ್ಕೆ ಕೂತಿದ್ದ ಗಾನವಿ ಅದರ ಕಡೆಗೆ ಮುಖ ಕೊಟ್ಟಳು. ಹೆಂಗಸರು ಒಬ್ಬೊಬ್ಬರಾಗಿ ಬಾಯಿಬಟ್ಟೆ ಇಳಿಸಿದರು. ಒಂದೆರಡು ನೊಣವೂ ಒಳಗೆ ಬಂದವು.

"ಒದ್ದು ತೆಗೆಯೋ ಆ ಕಲ್ಲನ್ನ!" ಕಾಡಸಿದ್ದಪ್ಪ ಅರಚಿದ. "ಏನೋ ನೋಡ್ತೀಯ? ಒದಿಯೋ!"

ನಾಗಭೂಷಣ ಎರಡು ಹೆಜ್ಜೆ ಮುಂದೆ ಬಂದ. ಅವನ ಕಣ್ಣು ಕಲ್ಲಿನ ಮೇಲಿತ್ತು, ಅರಿಸಿನದ ಮೇಲೆ, ಕುಂಕುಮದ ಮೇಲೆ, ತಾನೇ ತಿಪಟೂರಿಗೆ ಹೋಗಿ ತಂದಿದ್ದ ಬೆಳ್ಳಿ ಕಣ್ಣುಗಳ ಮೇಲೆ. ಹಣೆಯಿಂದ ಬೆವರು ಇಳಿದು ಮೂಗಿನ ತುದಿಗೆ ಬಂದಿತ್ತು.

ಭಾಗ್ಯ ಕಲ್ಲಿನ ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟಳು.

"ಬಾರ್ಲಾ," ಅಂದಳು. "ಅವತ್ತು ಒದ್ದೆಯಲ್ಲ, ಅದೇ ಕಲ್ಲು. ಒದಿ."

ನಾಗಭೂಷಣ ಒಮ್ಮೆ ಸಾಹುಕಾರನ ಕಡೆ ನೋಡಿದ, ಒಮ್ಮೆ ಕಲ್ಲಿನ ಕಡೆ ನೋಡಿದ. ಅವನ ಕಾಲು ಮೇಲೇಳಲಿಲ್ಲ.